ದೋಣಿ ದಡ ಸೇರಿದೆ, ಮನಸ್ಸು ಸೇರಿಲ್ಲ

ಜೂನ್ ತಿಂಗಳ ಮೊದಲ ವಾರ ಕಾರವಾರದ ಬೈತಖೋಲ ಬಂದರಿಗೆ ಹೋದರೆ ಟ್ರಾಲರ್‌ಗಳೂ ಪರ್ಸೀನ್ ದೋಣಿಗಳೂ ಮೈಗೆ ಮೈ ತಾಗಿಸಿಕೊಂಡು ಸಾಲಾಗಿ ನಿಂತಿರುವುದು ಕಾಣುತ್ತದೆ. ಮೀನು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹತ್ತು ತಿಂಗಳು ಹೊತ್ತು ಗೊತ್ತಿಲ್ಲದೆ ದುಡಿದವರಿಗೆ ಕಾನೂನೇ ಕೊಟ್ಟ ರಜೆ ಇದು ಎಂದು ಹೊರಗಿನವರಿಗೆ ತೋರುವುದು ಸಹಜ. ಕಳೆದ ಮಳೆಗಾಲದಲ್ಲಿ ಅಲ್ಲಿ ಬಲೆ ರಿಪೇರಿಗೆ ಕೂತಿದ್ದ ಮಧ್ಯವಯಸ್ಸಿನ ಮೀನುಗಾರರೊಬ್ಬರನ್ನು ನಾನು ಬಹಳ ಹೊತ್ತು ನೋಡುತ್ತಿದ್ದೆ. ಕಾಲಿನ ಹೆಬ್ಬೆರಳಿಗೆ ಬಲೆಯ ಕಣ್ಣು ಸಿಕ್ಕಿಸಿ ಎಳೆದು ಹಿಡಿದು, ಹರಿದ ಜಾಗದಲ್ಲಿ ಒಂದೊಂದೇ ಗಂಟು ಹಾಕುತ್ತಿದ್ದರು. ಹತ್ತು ಗಂಟು ಬೀಳುವಷ್ಟರಲ್ಲಿ ಮೂರು ಸಲ ಫೋನ್ ತೆಗೆದು ನೋಡಿ ಮತ್ತೆ ಅಂಗಿಯ ಜೇಬಿಗೆ ಹಾಕಿದರು. ಮಾತಿಗೆ ಸಿಕ್ಕಾಗ, ಸಮುದ್ರದ ಮೇಲೆ ಎರಡು ತಾಸು ಸಿಕ್ಕರೂ ಮೈಮರೆತು ಮಲಗುತ್ತಿದ್ದೆ, ಈಗ ಇಡೀ ರಾತ್ರಿ ಸಿಕ್ಕರೂ ಮಾಡು ನೋಡುತ್ತಾ ಬಿದ್ದಿರುತ್ತೇನೆ ಎಂದರು. ದೋಣಿಯ ಸಾಲದ ಕಂತು, ಮಗಳ ಕಾಲೇಜಿನ ಫೀಸು, ಆಗಸ್ಟಿನಲ್ಲಿ ಮೀನು ಸಿಕ್ಕೀತೋ ಇಲ್ಲವೋ ಎಂಬ ಚಿಂತೆ, ಇವು ಯಾವುದಕ್ಕೂ 61 ದಿನಗಳ ನಿಷೇಧ ಅನ್ವಯಿಸುವುದಿಲ್ಲ.

ಬಿಡುವಿಗೂ ವಿಶ್ರಾಂತಿಗೂ ಇರುವ ಈ ಅಂತರವನ್ನು ಮಾನಸಿಕ ಆರೋಗ್ಯದ ಇಂದಿನ ಚರ್ಚೆ ಸರಿಯಾಗಿ ಗಮನಿಸಿಲ್ಲ ಎಂಬುದು ನನ್ನ ಅಭಿಪ್ರಾಯ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಅವರು 2023ರ ಅಕ್ಟೋಬರ್‌ನಲ್ಲಿ ಹೇಳಿದ ಮೇಲೆ ಎದ್ದ ವಾದ ಇನ್ನೂ ತಣ್ಣಗಾಗಿಲ್ಲ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಂದಾಜು ಆ ವಾದಕ್ಕೆ ಸಾಕಷ್ಟು ಗಟ್ಟಿಯಾದ ಉತ್ತರ. ಗಂಟೆಗಳ ಲೆಕ್ಕ ಅಗತ್ಯವೇ. ಆದರೆ ಕೆಲಸದ ಹೊತ್ತು ಮುಗಿದ ಮೇಲೆ ಉಳಿಯುವ ಗಂಟೆಗಳಲ್ಲಿ ಮನಸ್ಸು ಎಲ್ಲಿರುತ್ತದೆ ಎಂಬ ಪ್ರಶ್ನೆ ಆ ಲೆಕ್ಕದೊಳಗೆ ಬರುವುದಿಲ್ಲ.

ಇದನ್ನು ಹೇಳಲು ಬೇಕಾದ ಮಾತುಗಳು ಕನ್ನಡದಲ್ಲಿ ಮೊದಲಿನಿಂದಲೂ ಇವೆ. ದಣಿದು ಬಂದವರಿಗೆ ‘ಸ್ವಲ್ಪ ಸುಧಾರಿಸಿಕೊಳ್ಳಿ’ ಎನ್ನುತ್ತೇವೆ. ಕಾಯಿಲೆಯಿಂದ ಎದ್ದವರ ಬಗ್ಗೆಯೂ ‘ಈಗ ಸುಧಾರಿಸಿದ್ದಾರೆ’ ಎನ್ನುತ್ತೇವೆ. ಕೂತು ಉಸಿರು ಬಿಡುವುದಕ್ಕೂ ಗುಣವಾಗುವುದಕ್ಕೂ ನಮ್ಮ ಹಿರಿಯರು ಒಂದೇ ಕ್ರಿಯಾಪದ ಬಳಸಿದ್ದಾರೆ. ‘ದಣಿವಾರಿಸಿಕೊಳ್ಳುವುದು’ ಎಂಬಲ್ಲಿ ದಣಿವು ಕಾದ ಪಾತ್ರೆಯಂತೆ ಆರಬೇಕಾದ ವಸ್ತು. ಆರಲು ಅದಕ್ಕೆ ಹೊತ್ತು ಬೇಕು, ಅವಸರ ಮಾಡಿದರೆ ಆರುವುದಿಲ್ಲ. ‘ಸಾವಧಾನ’ ಎಂಬುದಂತೂ ಈ ವಿಷಯಕ್ಕೆಂದೇ ಇರುವ ಪದದಂತಿದೆ. ಅವಧಾನದಿಂದ ಕೂಡಿರುವುದು, ಅಂದರೆ ಗಮನವಿಟ್ಟಿರುವುದು, ಅದರ ಮೂಲಾರ್ಥ. ಬಳಕೆಯಲ್ಲಿ ಅವಸರವಿಲ್ಲದಿರುವುದು ಎಂಬ ಅರ್ಥವೂ ಸೇರಿಕೊಂಡಿದೆ. ಮದುವೆಯ ಮುಹೂರ್ತದಲ್ಲಿ ಪುರೋಹಿತರು ‘ಸಾವಧಾನ’ ಎನ್ನುವಾಗ ಮೊದಲ ಅರ್ಥ, ‘ಸಾವಧಾನವಾಗಿ ಹೋಗಿ ಬಾ’ ಎಂದು ಮನೆಯವರು ಹೇಳುವಾಗ ಎರಡನೆಯದು. ಗಮನವೂ ನಿಧಾನವೂ ಒಟ್ಟಿಗೆ ಇರುವ ವಿಶ್ರಾಂತಿಯನ್ನೇ ಈ ಲೇಖನದಲ್ಲಿ ಸಾವಧಾನದ ವಿಶ್ರಾಂತಿ ಎಂದು ಕರೆಯುತ್ತಿದ್ದೇನೆ. ಅದು ನಿದ್ದೆಯಲ್ಲ, ಕಾಲಕ್ಷೇಪವೂ ಅಲ್ಲ. ಎಚ್ಚರವಾಗಿದ್ದು, ಏನನ್ನೂ ಸಾಧಿಸಲು ಹೋಗದೆ, ಉಸಿರು, ಸದ್ದು, ಮೈಯ ಭಾರ ಇವುಗಳ ಮೇಲೆ ಹಗುರವಾಗಿ ಗಮನವಿಟ್ಟು ಸ್ವಲ್ಪ ಹೊತ್ತು ಇರುವುದು.

ಹಾಗಿದ್ದಾಗ ದೇಹದಲ್ಲಿ ಏನಾಗುತ್ತದೆ? ಅಪಾಯ ಎದುರಾದಾಗ ಸಿಂಪಥೆಟಿಕ್ ನರವ್ಯೂಹ ಚುರುಕಾಗಿ, ಅಡ್ರಿನಾಲಿನ್ ರಕ್ತಕ್ಕೆ ಸೇರಿ, ಎದೆಬಡಿತ ಏರಿ ಸ್ನಾಯುಗಳು ಬಿಗಿಯುತ್ತವೆ. ಕೆಲವು ನಿಮಿಷ ತಡವಾಗಿ ಕಾರ್ಟಿಸೋಲ್ ಹಾರ್ಮೋನಿನ ಪ್ರಮಾಣವೂ ಹೆಚ್ಚುತ್ತದೆ. ತೋಟದ ದಾರಿಯಲ್ಲಿ ಹಾವು ಕಂಡರೆ ಈ ವ್ಯವಸ್ಥೆ ಪ್ರಾಣ ಉಳಿಸುತ್ತದೆ, ಹಾವು ಸರಿದುಹೋದ ಮೇಲೆ ತಾನಾಗಿ ಇಳಿಯುತ್ತದೆ. ಸಾಲದ ಕಂತು ಹಾಗೆ ಸರಿದುಹೋಗುವ ಅಪಾಯವಲ್ಲ. ಕಣ್ಣೆದುರಿಗಿಲ್ಲದಿದ್ದರೂ ನೆನಪಾದಾಗಲೆಲ್ಲ ದೇಹ ಅದೇ ಸಿದ್ಧತೆ ಮಾಡಿಕೊಳ್ಳುತ್ತದೆ, ಇಳಿಯಲು ಸಮಯವೇ ಸಿಗದೆ ಏರಿದ್ದು ಏರಿದಲ್ಲೇ ನಿಲ್ಲುತ್ತದೆ, ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಹೊಟ್ಟೆ ಕೆಡುತ್ತದೆ. ಇದನ್ನು ಇಳಿಸುವ ಕೆಲಸ ಪ್ಯಾರಾಸಿಂಪಥೆಟಿಕ್ ನರವ್ಯೂಹದ್ದು, ಅದರ ಮುಖ್ಯ ದಾರಿ ಮಿದುಳಿನ ಬುಡದಿಂದ ಎದೆ ಮತ್ತು ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ. ಇದರ ಕೆಲಸವನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ಉಸಿರನ್ನು ನಿಧಾನವಾಗಿ ಒಳಗೆಳೆದುಕೊಂಡರೆ ಬಡಿತ ತುಸು ಬೇಗವಾಗುತ್ತದೆ, ಅದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಬಡಿತ ಇಳಿಯುತ್ತದೆ. ಹೊರೆ ಇಳಿಸಿ ಜಗಲಿಯ ಮೇಲೆ ಕೂರುವವರು ‘ಉಸ್ಸಪ್ಪಾ’ ಎಂದು ಹೊರಡಿಸುವ ಉದ್ಗಾರ ನಿಜಕ್ಕೂ ಒಂದು ದೀರ್ಘ ನಿಶ್ವಾಸವೇ. ಯಾರೂ ಕಲಿಸದೆ ದೇಹ ತಾನಾಗಿ ಮಾಡಿಕೊಳ್ಳುವ ಚಿಕಿತ್ಸೆ ಅದು. ಸಾವಧಾನದ ವಿಶ್ರಾಂತಿ ಎಂದರೆ ಆ ಒಂದು ‘ಉಸ್ಸಪ್ಪಾ’ವನ್ನು ಹತ್ತು ನಿಮಿಷಕ್ಕೆ ವಿಸ್ತರಿಸುವುದು ಎಂದರೂ ತಪ್ಪಿಲ್ಲ.

ಮಿದುಳಿನ ವಿಷಯ ಇನ್ನಷ್ಟು ಸೂಕ್ಷ್ಮ. ದೇಹದ ತೂಕದ ಸುಮಾರು ಶೇ 2ರಷ್ಟಿರುವ ಈ ಅಂಗ ದೇಹದ ಒಟ್ಟು ಶಕ್ತಿಯ ಸುಮಾರು ಶೇ 20ರಷ್ಟನ್ನು ಬಳಸುತ್ತದೆ, ಸುಮ್ಮನೆ ಕೂತಾಗಲೂ ಈ ಬಳಕೆ ಹೆಚ್ಚೇನೂ ಇಳಿಯುವುದಿಲ್ಲ. ಮನುಷ್ಯ ಕಣ್ಣು ಮುಚ್ಚಿ ನಿರಾಳವಾಗಿ ಕೂತಾಗ ಮಿದುಳಿನ ವಿದ್ಯುತ್ ತರಂಗಗಳು ಒಂದು ನಿಯತ ಲಯಕ್ಕೆ ಬರುವುದನ್ನು ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲೇ ಪ್ರಕಟಿಸಿದ್ದರು. ಆಲ್ಫಾ ತರಂಗ ಎಂದು ಕರೆಯುವುದು ಅದನ್ನೇ. ಕೆಲಸವಿಲ್ಲದ ಹೊತ್ತಿನಲ್ಲಿ ಮಿದುಳಿನ ಕೆಲವು ಭಾಗಗಳು ಒಟ್ಟಾಗಿ ಹೆಚ್ಚು ಸಕ್ರಿಯವಾಗಿರುತ್ತವೆ, ಹೊರಗಿನ ಕೆಲಸ ಬಂದೊಡನೆ ಹಿಂದೆ ಸರಿಯುತ್ತವೆ ಎಂಬುದನ್ನು ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದರು. ಈ ಜಾಲಕ್ಕೆ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಎಂಬ ಹೆಸರು ನಿಂತಿದೆ. ಹಳೆಯದನ್ನು ನೆನೆಯುವುದು, ಮುಂದಿನದನ್ನು ಕಲ್ಪಿಸಿಕೊಳ್ಳುವುದು, ಇನ್ನೊಬ್ಬರ ಮನಸ್ಸನ್ನು ಊಹಿಸುವುದು, ತನ್ನ ಬಗ್ಗೆ ತಾನು ಯೋಚಿಸುವುದು, ಇವೆಲ್ಲ ಅದರ ಕೆಲಸ. ಎಡಿನ್‌ಬರೋದಲ್ಲಿ ಮಿಕೇಲಾ ಡ್ಯೂವರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಥೆ ಕೇಳಿದ ಮೇಲೆ ಹತ್ತು ನಿಮಿಷ ಮಂದ ಬೆಳಕಿನಲ್ಲಿ ಸುಮ್ಮನೆ ಕೂತ ಹಿರಿಯರು ಏಳು ದಿನಗಳ ನಂತರವೂ ಆ ಕಥೆಯನ್ನು ಹೆಚ್ಚು ನೆನಪಿಟ್ಟಿದ್ದರು; ಅದೇ ಹತ್ತು ನಿಮಿಷ ಬೇರೊಂದು ಆಟದಲ್ಲಿ ತೊಡಗಿಸಿದಾಗ ಅಷ್ಟು ಉಳಿಯಲಿಲ್ಲ. ಕೇಳಿದ್ದು ಒಳಗಿಳಿಯಬೇಕಾದರೆ ನಡುವೆ ಖಾಲಿ ಜಾಗ ಬೇಕು.

ಆದರೆ ಇದೇ ಜಾಲಕ್ಕೆ ಇನ್ನೊಂದು ಮುಖವೂ ಇದೆ. ನೆನಪನ್ನು ಮೆಲುಕು ಹಾಕುವುದು ಬೇರೆ, ಕೊರಗುವುದು ಬೇರೆ. ಖಿನ್ನತೆಯಿಂದ ಬಳಲುವವರಲ್ಲಿ ಮನಸ್ಸು ತನ್ನ ಸುತ್ತಲೇ ತಿರುಗುತ್ತಾ ಅದೇ ನೋವಿಗೆ ಮರಳುವುದಕ್ಕೂ ಈ ಜಾಲದ ಚಟುವಟಿಕೆಗೂ ಸಂಬಂಧವಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಆದ್ದರಿಂದಲೇ ‘ಸುಮ್ಮನೆ ಕೂತುಕೋ, ಸರಿಹೋಗುತ್ತದೆ’ ಎಂಬ ಸಲಹೆ ಎಲ್ಲರಿಗೂ ಒಗ್ಗುವುದಿಲ್ಲ. ಬೈತಖೋಲದ ಆ ಮೀನುಗಾರರ ರಾತ್ರಿಗಳಲ್ಲಿ ಬಿಡುವಿಗೇನೂ ಕೊರತೆಯಿಲ್ಲ, ಕೊರಗಿಗೆ ಅಷ್ಟೇ ಜಾಗ ಸಿಕ್ಕಿದೆ. ಗಮನವನ್ನು ಉಸಿರಿಗೋ ಮಳೆಯ ಸದ್ದಿಗೋ ಮತ್ತೆ ಮತ್ತೆ ಮೆಲ್ಲಗೆ ತಂದು ಕೂರಿಸುವ ಅಭ್ಯಾಸಕ್ಕೆ ಮಹತ್ವ ಬರುವುದು ಇಲ್ಲಿಯೇ. ಸಾವಧಾನವಿಲ್ಲದ ಬಿಡುವು ಕೊರಗಾಗಿ ಬದಲಾಗುವ ಸಾಧ್ಯತೆ ಹೆಚ್ಚು.

ಸುಮ್ಮನಿರುವುದು ನಾವು ತಿಳಿದಷ್ಟು ಸುಲಭವೂ ಅಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬರನ್ನೇ ಕೂರಿಸಿ, ಬೇಕೆನಿಸಿದರೆ ಒತ್ತಿ ತಮಗೆ ತಾವೇ ಸಣ್ಣ ವಿದ್ಯುತ್ ಆಘಾತ ಕೊಟ್ಟುಕೊಳ್ಳಬಹುದಾದ ಗುಂಡಿಯೊಂದನ್ನು ಒದಗಿಸಲಾಗಿತ್ತು. ಈ ಆಘಾತ ತಪ್ಪಿಸಿಕೊಳ್ಳಲು ಹಣ ಕೊಡಲೂ ಸಿದ್ಧ ಎಂದು ಮೊದಲು ಹೇಳಿದ್ದವರ ಪೈಕಿಯೇ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಅದನ್ನು ಒತ್ತಿದರು. ಇಂದು ಆ ಗುಂಡಿ ನಮ್ಮೆಲ್ಲರ ಜೇಬಿನಲ್ಲಿದೆ. ಬಸ್ಸು ಕಾಯುವಾಗ, ಅನ್ನ ಬೇಯುವಾಗ, ನಿದ್ದೆ ಬರುವ ಮುಂಚೆ ಸಿಗುತ್ತಿದ್ದ ಸಣ್ಣ ಸಣ್ಣ ಖಾಲಿ ಹೊತ್ತುಗಳನ್ನೆಲ್ಲ ಫೋನ್ ತುಂಬಿಸಿದೆ. ಅದನ್ನು ನೋಡುತ್ತಿರುವಾಗ ಕೆಲಸವೇನೋ ನಿಂತಿರುತ್ತದೆ, ಗಮನಕ್ಕೆ ಮಾತ್ರ ಒಂದು ಕ್ಷಣವೂ ಬಿಡುವಿರುವುದಿಲ್ಲ.

ಗಮನವನ್ನು ಉಸಿರಿಗೆ ತಂದು ಕೂರಿಸುವ ಅಭ್ಯಾಸಕ್ಕೆ ವೈದ್ಯಕೀಯ ರೂಪ ಸಿಕ್ಕಿದ್ದು 1979ರಲ್ಲಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಜಿನ್ ಎಂಟು ವಾರಗಳ ತರಬೇತಿಯನ್ನು ಆರಂಭಿಸಿದಾಗ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದು, ಆತಂಕದ ಕಾಯಿಲೆಯಿರುವ 276 ವಯಸ್ಕರಲ್ಲಿ ಈ ತರಬೇತಿಯ ಪರಿಣಾಮ ಎಸ್ಸಿಟಾಲೋಪ್ರಾಮ್ ಎಂಬ ಸಾಮಾನ್ಯ ಔಷಧದ ಪರಿಣಾಮಕ್ಕಿಂತ ಕಡಿಮೆಯಿಲ್ಲ ಎಂದು ತೋರಿಸಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶವೂ ಬಂತು: ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪಾಠವಾಗಿ ಇದನ್ನು ಕಲಿಸಿದ್ದರಿಂದ, ಎಂದಿನ ಬೋಧನೆಗಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ, ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ತೋರುವುದು ಇಷ್ಟು: ತನಗೆ ಬೇಕೆನಿಸಿ, ದಿನವೂ ಮಾಡಿದವರಿಗೆ ಇದು ಫಲ ಕೊಡುತ್ತದೆ, ವೇಳಾಪಟ್ಟಿಯಲ್ಲಿ ತುರುಕಿದರೆ ಕೊಡುವುದಿಲ್ಲ. ಇಂಥದೇ ಅಭ್ಯಾಸ ನಮ್ಮಲ್ಲೂ ಇದೆ. ಬಿಹಾರದ ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿ ಅವರು ರೂಪಿಸಿದ ಇಂದಿನ ಯೋಗನಿದ್ರೆಯ ಮೂಲ ಪೂಜೆಯ ನ್ಯಾಸದಲ್ಲಿದೆ. ಒಂದೊಂದು ಅಂಗವನ್ನೂ ಮುಟ್ಟಿ ಮಂತ್ರ ಹೇಳುವ ಅಂಗನ್ಯಾಸ, ಕರನ್ಯಾಸ ಶಿರಸಿ ಸೀಮೆಯ ಹಲವು ಮನೆಗಳಲ್ಲಿ ಇಂದಿಗೂ ನಡೆಯುತ್ತದೆ; ಕೈ ಮುಟ್ಟುವ ಬದಲು ಗಮನವೇ ಅಂಗದಿಂದ ಅಂಗಕ್ಕೆ ಸಂಚರಿಸುವುದು ಯೋಗನಿದ್ರೆಯ ಕ್ರಮ.

ವಿಶ್ರಾಂತಿಯ ಹಂಚಿಕೆಯ ಬಗ್ಗೆ ಮಾತಾಡದೆ ಅದರ ಪ್ರಯೋಜನದ ಬಗ್ಗೆ ಮಾತಾಡುವುದು ಅರ್ಧ ಮಾತಾಗುತ್ತದೆ. ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲಿನ ದಿನಗಳಲ್ಲಿ, ಹಗಲು ಮರ ಹತ್ತುವ ಕೊನೆಗೌಡರು ಇಳಿಸಿದ ಅಡಿಕೆಯನ್ನು ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರಲ್ಲಿ ನಮ್ಮ ಆಯಿಯೂ (ಅಮ್ಮನೂ) ಒಬ್ಬಳು. ಮಧ್ಯಾಹ್ನ ಊಟವಾಗಿ ಗಂಡಸರು ಕವಳ ಹಾಕಿ ಜಗಲಿಯಲ್ಲಿ ಮೈಚಾಚಿದಾಗ ಅವಳು ಎಲ್ಲರ ಎಲೆ ತೆಗೆದು, ಪಾತ್ರೆ ತೊಳೆದು, ಹಿತ್ತಿಲ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಕೂತರೂ ಕೈ ಖಾಲಿ ಇರುತ್ತಿರಲಿಲ್ಲ. ಮಡಿಲಲ್ಲಿ ಹತ್ತಿ ಇಟ್ಟುಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಬೆರಳು ತೀರಾ ನಿಧಾನವಾಗಿ ಆಡುತ್ತಿತ್ತು, ಒಂದು ಬತ್ತಿಗೂ ಇನ್ನೊಂದಕ್ಕೂ ನಡುವೆ ಎಷ್ಟೋ ಹೊತ್ತು ಸುಮ್ಮನೆ ಇರುತ್ತಿತ್ತು. ಅಂಗಳದಲ್ಲಿ ಹೆಜ್ಜೆಯ ಸದ್ದು ಕೇಳಿದರೆ ಮಾತ್ರ ಬೆನ್ನು ನೆಟ್ಟಗಾಗಿ ಬೆರಳು ಚುರುಕಾಗುತ್ತಿತ್ತು. ಆ ಹತ್ತಿ ಅವಳು ಕೂರಲು ಪಡೆದುಕೊಂಡಿದ್ದ ಅನುಮತಿ ಪತ್ರ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು, ಆ ಬಗ್ಗೆ ಇಂದಿಗೂ ನೋವಿದೆ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಐದು ತಾಸಿಗೂ ಒಂದೂವರೆ ತಾಸಿಗೂ ಇರುವ ವ್ಯತ್ಯಾಸದಷ್ಟೇ ಮುಖ್ಯವಾದದ್ದು, ಉಳಿದ ಹೊತ್ತಿನಲ್ಲೂ ಹೆಂಗಸಿನ ಕಿವಿ ಮನೆಯ ಕರೆಗೆ ತೆರೆದೇ ಇರುತ್ತದೆ ಎಂಬುದು. ಹಾಲು ಉಕ್ಕೀತು, ಮಗು ಎದ್ದೀತು, ನೆಂಟರು ಬಂದಾರು ಎಂಬ ಕಾವಲಿನಲ್ಲಿರುವ ಮನಸ್ಸು ಸಾವಧಾನದಲ್ಲಿರಲಾರದು. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳಿಗೆ ಜನ ದೂರದ ಊರುಗಳಿಂದ ಮನಶ್ಶಾಂತಿ ಹುಡುಕಿ ಬರುತ್ತಾರೆ. ಬರಲಿ, ಅವರ ದಣಿವೂ ನಿಜವೇ. ಆದರೆ ಆಯಿಯಂಥವರಿಗೆ ಬೇಕಾದದ್ದು ಕಡಲತೀರವಲ್ಲ, ದಿನಕ್ಕೆ ಇಪ್ಪತ್ತು ನಿಮಿಷ ಮನೆಯಲ್ಲಿ ಇನ್ನೊಬ್ಬರು ಒಲೆಯ ಮೇಲೂ ಬಾಗಿಲ ಮೇಲೂ ಕಣ್ಣಿಟ್ಟಿರುತ್ತಾರೆ ಎಂಬ ಭರವಸೆ.

ಭರವಸೆಯ ಮಾತು ಬಂದಾಗ ಶಿರೂರನ್ನು ನೆನೆಯದಿರಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಮಣ್ಣು ಗಂಗಾವಳಿ ನದಿಗೆ ಬಿದ್ದು, ಎದ್ದ ನೀರು ಆಚೆ ದಡದ ಉಳುವರೆ ಗ್ರಾಮಕ್ಕೂ ನುಗ್ಗಿತು. ಅಂದಿನಿಂದ ಗುಡ್ಡದ ಬುಡದಲ್ಲಿರುವ ಮನೆಗಳವರಿಗೆ ರಾತ್ರಿಯ ಮಳೆಯ ಸದ್ದು ಜೋಗುಳವಾಗಿ ಉಳಿದಿಲ್ಲ. ಮಳೆಯ ಸದ್ದಿಗೆ ಗಮನ ಕೊಡಿ ಎಂದು ಅವರಿಗೆ ಹೇಳುವುದು ಗಾಯವನ್ನು ಕೆದಕಿದಂತೆ. ಆಘಾತ ಕಂಡವರು ಕಣ್ಣು ಮುಚ್ಚಿದಾಗ ಭಯ ಹೆಚ್ಚಾಗುವುದುಂಟು. ವಿಶ್ರಾಂತಿಯ ಅಭ್ಯಾಸವೇ ಕೆಲವರಲ್ಲಿ ಆತಂಕ ಹುಟ್ಟಿಸುವುದನ್ನು ಸಂಶೋಧಕರು 1980ರ ದಶಕದಲ್ಲೇ ದಾಖಲಿಸಿದ್ದಾರೆ. ಅಂಥವರು ಕಣ್ಣು ತೆರೆದು, ಅಂಗಾಲು ನೆಲಕ್ಕೆ ಊರಿ, ಎದುರಿಗಿರುವ ಮರವನ್ನೋ ಗೋಡೆಯನ್ನೋ ನೋಡುತ್ತಾ ಎರಡು ಮೂರು ನಿಮಿಷ ಮಾತ್ರ ಕೂರಬಹುದು, ಇಲ್ಲವೇ ನಿಧಾನವಾಗಿ ನಡೆದಾಡಬಹುದು. ಅದೂ ಹಿಂಸೆಯೆನಿಸಿದರೆ ಬಿಟ್ಟುಬಿಡುವುದೇ ಸರಿ. ಗುಡ್ಡ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ ಹೇಳುವ ಭೂವಿಜ್ಞಾನಿಯೂ ಅಲ್ಲಿನ ಜನರ ಮಾನಸಿಕ ಆರೋಗ್ಯಕ್ಕೆ ಬೇಕಾದವರೇ.

ಉಳಿದವರಿಗೆ ಆರಂಭ ಸರಳವಾಗಿದೆ. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು, ದಿನದ ಒಂದೇ ಹೊತ್ತಿನಲ್ಲಿ, ಚಾಪೆಯ ಮೇಲೋ ಕುರ್ಚಿಯಲ್ಲೋ ಹತ್ತು ನಿಮಿಷ ಇರುವುದು; ಉಸಿರನ್ನು ಒಳಗೆಳೆದುದಕ್ಕಿಂತ ತುಸು ನಿಧಾನವಾಗಿ ಹೊರಬಿಡುವುದು; ದವಡೆ, ಹೆಗಲು, ಹೊಟ್ಟೆ ಎಲ್ಲಿ ಬಿಗಿದುಕೊಂಡಿದೆಯೆಂದು ನೋಡಿ ಸಡಿಲ ಬಿಡುವುದು. ಯೋಚನೆ ಬರುತ್ತದೆ, ಬಂದರೆ ಸೋತಂತಲ್ಲ. ಬಂತೆಂದು ಗಮನಿಸಿ ಉಸಿರಿಗೆ ಮರಳುವುದೇ ಅಭ್ಯಾಸದ ಮುಖ್ಯ ಭಾಗ. ನಿದ್ದೆ ಬಂದರೆ ನಿದ್ದೆಯ ಕೊರತೆಯಿದೆ ಎಂದು ತಿಳಿದು ಮೊದಲು ಅದನ್ನು ತುಂಬಿಸಿಕೊಳ್ಳಬೇಕು. ಎರಡು ವಾರ ಕಳೆದರೂ ಮನಸ್ಸು ಮಂಕಾಗಿಯೇ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ ಈ ಹತ್ತು ನಿಮಿಷವನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣಲೇಬೇಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಮಾನಸಿಕ ಕಾಯಿಲೆ ಇದ್ದುದು ಕಂಡುಬಂತು, ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ತೆರೆದಿರುತ್ತದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಬೈತಖೋಲದ ಮೀನುಗಾರರಿಗೆ ಇವೆಲ್ಲ ಎಷ್ಟರಮಟ್ಟಿಗೆ ಒದಗುತ್ತವೆ? ನಿಷೇಧದ ತಿಂಗಳುಗಳಿಗೆಂದು ಬಡ ಮೀನುಗಾರ ಕುಟುಂಬಗಳಿಗೆ ಇರುವ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರ ಉಳಿಸಿದ ಹಣಕ್ಕೆ ಸರ್ಕಾರದ ಪಾಲು ಸೇರಿ ಒಟ್ಟು ಕೆಲವೇ ಸಾವಿರ ರೂಪಾಯಿ ಕೈಗೆ ಬರುತ್ತದೆ. ಈ ಮೊತ್ತ ಅಕ್ಕಿಬೇಳೆಗೆ ಸ್ವಲ್ಪ ಆಸರೆಯಾದೀತು, ದೋಣಿಯ ಸಾಲಕ್ಕೆ ಹೆದರಿದ ಮನಸ್ಸನ್ನು ಮಲಗಿಸಲಾರದು. ಪರಿಹಾರದ ಮೊತ್ತ ಏರುವುದೂ, ನಿಷೇಧದ ಎರಡು ತಿಂಗಳು ಸಾಲದ ಕಂತಿಗೆ ವಿರಾಮ ಸಿಗುವುದೂ ಮಾನಸಿಕ ಆರೋಗ್ಯದ ಕ್ರಮಗಳೇ ಎಂದು ನಾನು ಹೇಳುತ್ತೇನೆ. ಇನ್ನೊಂದು ಕೆಲಸಕ್ಕೆ ಹೆಚ್ಚಿನ ಹಣವೂ ಬೇಕಿಲ್ಲ. ಹತ್ತು ತಿಂಗಳು ಕಡಲಿನ ಮೇಲಿದ್ದು ಯಾವ ಆಸ್ಪತ್ರೆಯ ಹೊರರೋಗಿ ವಿಭಾಗದ ಸಮಯಕ್ಕೂ ಸಿಗದ ಸಾವಿರಾರು ಗಂಡಸರು ಜೂನ್ ಮತ್ತು ಜುಲೈನಲ್ಲಿ ಕಾರವಾರ, ತದಡಿ, ಹೊನ್ನಾವರ, ಭಟ್ಕಳದ ದಡದಲ್ಲೇ ಇರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಆ ಎರಡು ತಿಂಗಳು ವಾರಕ್ಕೊಮ್ಮೆ ಬಂದರಿಗೆ ಬಂದು, ಕೊಂಕಣಿಯನ್ನೂ ಬಲ್ಲ ಒಬ್ಬ ಆಪ್ತಸಮಾಲೋಚಕರೊಂದಿಗೆ ಬಲೆ ರಿಪೇರಿ ನಡೆಯುವ ಶೆಡ್ಡಿನಲ್ಲೇ ಕೂರಬಹುದು. ಗಂಟು ಹಾಕುವ ಕೈ ನಿಲ್ಲಿಸಬೇಕಾಗಿಲ್ಲ. ನಿದ್ದೆ ಹೇಗಿದೆ ಎಂದು ವಿಚಾರಿಸಿ, ಉತ್ತರ ಮುಗಿಯುವವರೆಗೆ ಕೂತು ಕೇಳಿದರೆ ಮೊದಲ ದಿನಕ್ಕೆ ಅಷ್ಟು ಸಾಕು.